ಗಿಡ್ಡ ಗುಂಡು

ಪಿಸ್ತೂಲಿನಿಂದ ತೆಗೆದ ಹಳೆಯ ಕಾಡತೂಸುಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ, ಅವುಗಳಲ್ಲೊಂದು ಮಿಕ್ಕವಕ್ಕಿಂತ ಗಿಡ್ಡವಾಗಿರುವುದು ಹಾರ್ಲನ್‌ನ ಕಣ್ಣಿಗೆ ಬಿತ್ತು. ಅಕ್ಕಿಕಾಳಿನ ದಪ್ಪದಷ್ಟು ವ್ಯತ್ಯಾಸ. ಕನ್ನಡಕ ಒರೆಸಿಕೊಂಡು ನೋಡಿದ. ಸಾಲದೆ ಕ್ಯಾಲಿಪರ್ ತಂದು ಅಳೆದ. ತಾನು ಕೆಲಸಕ್ಕಿದ್ದ ಕಾಗದದ ಗಿರಣಿಯ ಪ್ರಯೋಗಾಲಯದಲ್ಲಿ ಹಾಳೆಯ ದಪ್ಪ ಅಳೆದ ಕ್ಯಾಲಿಪರ್ ಅದು, ಅನುಮಾನಕ್ಕೆ ಎಡೆಯಿರಲಿಲ್ಲ. ಹಿತ್ತಾಳೆಯ ಕೊಳವೆಯ ಬಾಯಲ್ಲಿ ಕೂತಿರಬೇಕಾದ ಗುಂಡು ಒಳಕ್ಕೆ ಕುಸಿದಿತ್ತು.

"ನೋಡಿಲ್ಲಿ ಸಿಗ್ರಿಡ್. ಇದನ್ನ ಹಾರಿಸಿದ್ರೆ ಒಳಗೆ ಒತ್ತಡ ಏರಿ ಪಿಸ್ತೂಲು ಕೈಯಲ್ಲೇ ಸಿಡೀತಿತ್ತು. ಇಂಥಾ ಮಾಲು ಕಳಿಸ್ತಾರಲ್ಲ! ನಾಳೆನೇ ಕಂಪನಿಗೆ ಬರೀತೀನಿ."

ತಾಯಿಯ ಕೋಟುಗಳನ್ನು ಮಡಚಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ ಮಗಳು ತಲೆಯೆತ್ತಲಿಲ್ಲ. "ಅಮ್ಮ ಹೋಗಿ ತಿಂಗಳಾಗಿಲ್ಲ. ಈಗ್ಲೂ ನಿಂಗೆ ಅದೇ ಬೇಕಾ, ಅಪ್ಪ?"

"ಅವಳ ಕಾಯಿಲೇಲಿ ಹಳೇ ಗುಂಡು ಬದಲಾಯಿಸೋಕೆ ಆಗಿರ್ಲಿಲ್ಲ." ಅಂಗಡಿಯಿಂದ ತಂದಿದ್ದ ಎರಡು ಹೊಸ ಡಬ್ಬಿಗಳನ್ನು ಅವನು ಮುಂದಕ್ಕೆ ಸರಿಸಿದ. "ಯಾವುದನ್ನ ತುಂಬಲಿ ಅಂತ ನೋಡ್ತಿದೀನಿ. ನೀನು ಇಲ್ಲಿದ್ದಾಗ, ಮೈಗೆ ಹೊಕ್ಕಲ್ಲೇ ಅರಳಿ ನಿಲ್ಲೋ ಗುಂಡನ್ನ ಹುಡುಕಿ ಆರಿಸಿದ್ದು ನಿನಗೋಸ್ಕರ. ಕಳ್ಳನ ಮೈ ತೂರಿ, ಗೋಡೆ ತೂರಿ, ನಿನ್ನ ಕೋಣೆಗೆ ಬರಬಾರದು ಅಂತ. ಈಗ ಆ ಕೋಣೇಲಿ ಯಾರಿದಾರೆ? ಯಾವುದಾದ್ರೂ ನಡೆಯುತ್ತೆ."

ವರ್ಷಗಳ ಹಿಂದೆ ಗಿರಣಿ ಮುಚ್ಚಿದ ಚಳಿಗಾಲದಲ್ಲಿ ಅವನಿಗಿದ್ದದ್ದು ಅದೊಂದೇ ಕೆಲಸ. ಹೆಂಡತಿ ಅರ್ಲಿಸ್‌ಳ ಕೇಕಿನ ಪಾತ್ರೆಗಳಲ್ಲಿ ಮಾಂಸದ ಹದಕ್ಕೆ ಜೆಲಟಿನ್ ಗಟ್ಟಿ ಕಟ್ಟಿಸಿ, ಅದಕ್ಕೆ ಅವಳದೇ ಹಳೆಯ ಉಣ್ಣೆ ಕೋಟಿನ ಬಟ್ಟೆ ಸುತ್ತಿ, ಕಲ್ಲುಗಣಿಯ ಹತ್ತಿರ ಒಯ್ದು ಹೊಡೆದು ನೋಡುತ್ತಿದ್ದ. ಹಿಮ ಸುರಿಯುವ ಡುಲುತ್‌ನ ಕಳ್ಳ ಬರಿ ಅಂಗಿಯಲ್ಲಿ ಬರುತ್ತಾನೆಯೇ? ಉಣ್ಣೆಯ ಎಳೆ ಗುಂಡಿನ ಮೂತಿಯ ಕುಳಿಯಲ್ಲಿ ಸಿಕ್ಕಿಕೊಂಡರೆ ಅದು ಅರಳುವುದೇ ಇಲ್ಲ. ಅರ್ಲಿಸ್‌ಳ ಕೈಚೀಲಕ್ಕೂ ಒಂದು ಪುಟ್ಟ ಪಿಸ್ತೂಲು ಕೊಡಿಸಿ, ಮಣಿಕಟ್ಟಿಗೆ ನೋವಾಗದಂಥ ಗುಂಡನ್ನು ಆರಿಸಿದ್ದ. ಅವಳು ಭಾರ ಎಂದು ಅದನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದಳು. ಅಷ್ಟು ಕಷ್ಟಪಟ್ಟದ್ದಕ್ಕೆ ಬೆಲೆಯೇ ಇಲ್ಲ ಎಂದು ಅವನಿಗೆ ಬೇಸರವಾಗಿತ್ತು. ರಾತ್ರಿ ಊಟಕ್ಕೆ ಕೂತಾಗೆಲ್ಲ ಅವನು ಇದನ್ನೇ ವಿವರಿಸುತ್ತಿದ್ದ. ಅರ್ಲಿಸ್ ಸುಮ್ಮನೆ ಬಡಿಸುತ್ತಿದ್ದಳು. ಇಡೀ ಚಳಿಗಾಲದಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಹೊಕ್ಕಿದ್ದು ಒಳಗೇ ಉಳಿಯುತ್ತಾ, ಹಾರ್ಲನ್?" ಕೊನೆಗೂ ಇವಳಿಗೆ ಅರ್ಥವಾಯಿತಲ್ಲ ಎಂಬ ಖುಷಿಯಲ್ಲಿ ಅವನು "ಒಳಗೇ" ಎಂದಿದ್ದ.

ಈಗ ಗಿಡ್ಡ ಕಾಡತೂಸನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಹಿತ್ತಾಳೆಯ ಅಂಚಿನಲ್ಲಿ ಗೀರುಗಳಿದ್ದವು. ಒಂದರ ಮೇಲೊಂದು, ಎಣಿಸಲಾಗದಷ್ಟು.

"ಇದು ಕಂಪನಿ ತಪ್ಪಲ್ಲ," ಎಂದ ನಿಧಾನವಾಗಿ. "ಇದೊಂದನ್ನೇ ಯಾರೋ ಮತ್ತೆ ಮತ್ತೆ ನಳಿಗೆಯಿಂದ ತೆಗೆದು ತುಂಬಿದಾರೆ. ತುಂಬಿದಾಗಲೆಲ್ಲ ಮೂತಿ ತಾಗಿ ತಾಗಿ ಒಳಗೆ ಹೋಗಿದೆ. ನಾನಂತೂ ಅಲ್ಲ."

ಸಿಗ್ರಿಡ್ ಕೋಟು ಮಡಚುವುದನ್ನು ನಿಲ್ಲಿಸಿದಳು. "ಅಮ್ಮ."

"ಅವಳಾ? ಅವಳು ಇದನ್ನ ಮುಟ್ಟೋಕೂ ಹೇಸ್ತಿದ್ಲು."

"ಗಿರಣಿ ಮುಚ್ಚಿದಾಗಿಂದ ದಿನಾ ರಾತ್ರಿ ನೀನು ಸ್ನಾನಕ್ಕೆ ಹೋದ ಕೂಡ್ಲೇ ಎಲ್ಲಾ ತೆಗೆದು ಹೊಲಿಗೆ ಡಬ್ಬೀಲಿ ಬಚ್ಚಿಡ್ತಿದ್ಲು. ಬೆಳಗ್ಗೆ ನೀನು ನಾಯಿ ಕರ್ಕೊಂಡು ಹೋದಾಗ ಅದೇ ವರಸೇಲಿ, ಇದನ್ನೇ ಮೇಲಿಟ್ಟು, ವಾಪಸ್ ತುಂಬಿಡ್ತಿದ್ಲು. ತಿಂಡಿ ಆದ್ಮೇಲೆ ನೀನು ಮುಟ್ಟಿ ನೋಡ್ತೀಯಲ್ಲ, ಗೊತ್ತಾಗ್ಬಾರ್ದು ಅಂತ."

"ಅಂದ್ರೆ ರಾತ್ರಿಯೆಲ್ಲಾ ಖಾಲಿ ಇತ್ತಾ? ಕಳ್ಳ ಬಂದಿದ್ರೆ?"

"ಅವಳಿಗೆ ಕಳ್ಳನ ಭಯ ಇರ್ಲಿಲ್ಲ, ಅಪ್ಪ, ನೀನೇನು ಮಾಡ್ಕೋತೀಯೋ ಅಂತ ಭಯ. ಆ ಚಳಿಗಾಲ ನೀನು ಮಾತಾಡ್ತಿದ್ದದ್ದು ಗುಂಡಿನ ವಿಷಯ ಒಂದೇ. ಮಿಕ್ಕ ಹೊತ್ತೆಲ್ಲಾ ಗೋಡೆ ನೋಡ್ಕೊಂಡು ಕೂತಿರ್ತಿದ್ದೆ."

ನಾಯಿ ಎದ್ದು ಮೈಕೊಡವಿ ಮತ್ತೆ ಮಲಗಿತು. ಹಾರ್ಲನ್ ಕಾಡತೂಸನ್ನು ಮೇಜಿನ ಮೇಲೆ ನಿಲ್ಲಿಸಲು ನೋಡಿದ, ಅದು ಉರುಳಿತು. "ನಾನು ಮಾರನೇ ವರ್ಷಕ್ಕೇ ಸರಿಹೋಗಿದ್ನಲ್ಲ," ಎಂದ.

"ಅದು ನಿಂಗೆ ಗೊತ್ತಿತ್ತು. ಅವಳಿಗೆ ಹೇಳಿದ್ದೆಯಾ?"

ಅವನು ಗಿಡ್ಡ ಕಾಡತೂಸನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಹಳೆಯದೇ ಥರದ ಗುಂಡಿನ ಡಬ್ಬಿ ಒಡೆದು ಒಂದೊಂದಾಗಿ ತುಂಬಿದ. ಮಗಳ ಮುಖ ಬಿಳಿಚಿಕೊಂಡದ್ದು ಅವನಿಗೆ ಕಂಡಿತು. ಅವಳು ಬಾಯಿಬಿಡಲಿಲ್ಲ, ತಾಯಿಯ ಹಾಗೆಯೇ. ಪಿಸ್ತೂಲನ್ನು ಒಯ್ದು ಮಂಚದ ಪಕ್ಕದ ಡ್ರಾಯರಿನಲ್ಲಿಟ್ಟು ಮುಚ್ಚಿದ.

"ನಾನು ಸ್ನಾನಕ್ಕೆ ಹೋಗ್ತೀನಿ," ಎಂದ. ಹೊರಗೆ ಇನ್ನೂ ಬಿಸಿಲಿತ್ತು. "ತಡವಾಗುತ್ತೆ, ಸಿಗ್ರಿಡ್. ನಿಧಾನವಾಗಿ ಬರ್ತೀನಿ."

ಬಚ್ಚಲಿನ ಬಾಗಿಲು ಹಾಕಿ ನೀರು ಬಿಟ್ಟ. ಅದರಡಿಗೆ ಹೋಗದೆ, ಬಟ್ಟೆಯನ್ನೂ ಬಿಚ್ಚದೆ, ಬಾಗಿಲಿಗೆ ಕಿವಿಯೊಡ್ಡಿ ನಿಂತ. ಸ್ವಲ್ಪ ಹೊತ್ತಿಗೆ ಮಗಳ ಹೆಜ್ಜೆ ಮಲಗುವ ಕೋಣೆಗೆ ಬಂತು. ಡ್ರಾಯರ್ ತೆರೆದುಕೊಂಡಿತು. ಲೋಹವನ್ನು ಹಿಂದಕ್ಕೆಳೆದ ಸದ್ದು. ನೆಲಕ್ಕೆ ಬಿದ್ದ ಕಾಡತೂಸು ಉರುಳಿದ ಸದ್ದು.

ನೀರು ಧೋ ಎಂದು ಸುರಿಯುತ್ತಿದ್ದರೂ ಎಲ್ಲವೂ ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು.