ಲಂಗದ ವೀರ

ಗೇಟಿನ ಬಳಿ ಬೈಕಿನ ಸದ್ದಾಗಿದ್ದೇ ತಡ, ಸೌಂದರ್ಯ ಕೈಯಲ್ಲಿದ್ದ ಪುಸ್ತಕವನ್ನು ಹೊಗೆಸೊಪ್ಪಿನ ರಾಶಿಯೊಳಗೆ ತುರುಕಿದಳು.

ಬಂದವರು ಅತ್ತೆಯ ತಮ್ಮ ಉಮಾಶಂಕರ. ಕೆ.ಆರ್. ನಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಸಂಜೆ ಬರುತ್ತಾರೆಂದು ಅತ್ತೆ ಸುನಂದಮ್ಮ ಹೇಳಿದ್ದರು. ಈಗಿನ್ನೂ ಹನ್ನೊಂದು ಗಂಟೆ. ಆ ಪುಸ್ತಕ ಅವರ ಕೈಗೆ ಸಿಕ್ಕರೆ ಮುಗಿಯಿತು, ಮದುವೆಯಾಗಿ ಹತ್ತೇ ತಿಂಗಳಿಗೆ ಈ ಮನೆಯಲ್ಲಿ ತಲೆ ಎತ್ತದ ಹಾಗಾಗುತ್ತದೆ. ಗಂಡ ಕಾಂತರಾಜು ತವರಿಗೆ ಅಟ್ಟಿದರೂ ಅಟ್ಟಬಹುದು.

ಪುಸ್ತಕವೂ ಹಾಗೇ ಇತ್ತು ಬಿಡಿ. ರಟ್ಟಿನ ಮೇಲೆ ಅಂಗಿಯಿಲ್ಲದ, ಲಂಗ ಉಟ್ಟ ಆಜಾನುಬಾಹು. ಅವನೆದೆಗೆ ಒರಗಿದ, ರವಿಕೆ ಭುಜದಿಂದ ಜಾರಿದ ಹೆಣ್ಣು. ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿದ್ದು. "ಇವ್ರು ಸ್ಕಾಟ್ಲೆಂಡಿನ ವೀರರು ಕಣೆ. ಹಿಂದಿನ ಕಾಲ್ದಲ್ಲಿ ಲಂಗ ಉಟ್ಕೊಂಡೇ ಯುದ್ಧಕ್ಕೆ ಓಯ್ತಿದ್ರಂತೆ" ಎಂದು ಕಾಂತರಾಜು ನಕ್ಕಿದ್ದ. ಮಾರನೆಯ ದಿನವೇ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಕಥೆ ಶುರುವಾಗಿತ್ತು. ಹೆಂಗಸರು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರೆ ಸೌಂದರ್ಯ ಪುಟ ತಿರುವುತ್ತ ಕನ್ನಡದಲ್ಲಿ ಹೇಳುವಳು. ರಾವಂದೂರಿನ ಸುತ್ತ ಆಳು ಸಿಗದೆ ಊರಿಗೆ ಊರೇ ಬಾಯಿ ಬಡಿದುಕೊಳ್ಳುತ್ತಿತ್ತು. ಇವರ ಚಪ್ಪರಕ್ಕೆ ಮಾತ್ರ ಕರೆಯದೆಯೇ ಬರುತ್ತಿದ್ದರು.

"ನಮ್ಮ ಸೊಸೆ ಬಿಎ ಓದವ್ಳೆ ಕಣಪ್ಪ. ಇಂಗ್ಲಿಷ್ ಪುಸ್ತಕ ಅಂದ್ರೆ ನೀರು ಕುಡ್ದಂಗೆ," ಸುನಂದಮ್ಮ ತಮ್ಮನಿಗೆ ಕುರ್ಚಿ ಹಾಕುತ್ತಲೇ ಶುರು ಮಾಡಿದರು. "ಎಲ್ಲವ್ವಾ ಆ ಪುಸ್ತಕ? ತೋರ್ಸು ಮಾವಂಗೆ."

"ಒಳಗೆಲ್ಲೋ ಇಟ್ಟಿದೀನಿ ಅತ್ತೆ. ಆಮೇಲೆ..."

"ಇಲ್ಲೇ ಐತಲ್ಲವ್ವಾ!" ಸೊಪ್ಪು ಕಟ್ಟುತ್ತಿದ್ದ ಮಾರಮ್ಮ ರಾಶಿಗೆ ಕೈಹಾಕಿ ಎಳೆದೇಬಿಟ್ಟಳು.

ಉಮಾಶಂಕರ ರಟ್ಟು ನೋಡಿ ಬೆರಗಾದರು. "ಅರೆ, ಇದು ನಂದೇ! ಈ ಮನೇಲಿದ್ದು ಕಾಲೇಜಿಗೆ ಹೋಗ್ತಿದ್ದಾಗ ಕದ್ದು ಓದಿದ್ದು."

ಸೌಂದರ್ಯ ಒಂದು ಹೆಜ್ಜೆ ಹಿಂದೆ ಸರಿದಳು.

"ಕತೆ ಎಲ್ಲಿಗೆ ಬಂತು?" ಎಂದು ಉಮಾಶಂಕರ ಕೇಳಿದರು.

ಮಾರಮ್ಮನ ಪಕ್ಕದಲ್ಲಿದ್ದ ರಾಣಿಗೆ ಅಷ್ಟೇ ಸಾಕಾಗಿತ್ತು. "ಲಂಗದ ವೀರನ್ನ ಅವ್ನ ಚಿಕ್ಕಪ್ಪನೇ ಇಡ್ದು ಕೋಟೇಲಿ ಕೂಡಾಕವ್ನೆ ಸಾ. ಆ ಉಡುಗಿ ಮಡ್ಲಲ್ಲಿ ಮುದ್ದೆ ಕಟ್ಕೊಂಡು ಕುದುರೆ ಅತ್ತವ್ಳೆ. ಒಳೆ ತುಂಬಿ ಅರೀತೈತೆ. ದಾಟ್ತಾಳೋ ಇಲ್ವೋ ಅಂತ ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ."

"ಮುದ್ದೆ?" ಉಮಾಶಂಕರ ತಲೆ ಎತ್ತಿದರು.

"ಅಂಥಾದ್ದೇ ಏನೋ..." ಎಂದಳು ಸೌಂದರ್ಯ. ದನಿ ಅವಳಿಗೇ ಕೇಳಿಸಲಿಲ್ಲ.

ಅವರು ಪುಟ ತಿರುವತೊಡಗಿದರು. ಒಂದು, ಎರಡು, ಹತ್ತು. ಹುಬ್ಬು ಗಂಟಿಕ್ಕಿತು.

"ಇವತ್ತು ನೀನೇ ಓದಿ ಹೇಳಪ್ಪಾ," ಎಂದರು ಸುನಂದಮ್ಮ. "ಮೇಷ್ಟ್ರ ಬಾಯಲ್ಲಿ ಕೇಳಾನ."

ಉಮಾಶಂಕರ ಸೌಂದರ್ಯಳನ್ನೇ ನೋಡಿದರು. ಅವಳ ಕಣ್ಣು ತುಂಬಿತ್ತು. ತವರಿನ ಕಡೆಗೆ, ಸರಗೂರಿಗೆ ಹೋಗುವ ಬಸ್ಸು ಇನ್ನೆಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದಳು. ಅಪ್ಪನ ಮುಖ ಕಣ್ಣೆದುರು ಬಂತು.

ಅವರು ಪುಸ್ತಕ ಮುಚ್ಚಿ ಅವಳ ಕೈಗೇ ಕೊಟ್ಟರು.

"ಬ್ಯಾಡ ಬುಡಕ್ಕ. ಇದನ್ನ ನಾನು ಮೂರು ಸಲ ಓದಿದೀನಿ. ಆದ್ರೂ ಆ ಹುಡುಗಿ ಹೊಳೆ ದಾಟ್ತಾಳೋ ಇಲ್ವೋ, ನಂಗೆ ಗೊತ್ತಿಲ್ಲ. ನೀನೇ ಹೇಳವ್ವಾ."

ತಮಾಷೆಯೆಂದುಕೊಂಡು ಹೆಂಗಸರೆಲ್ಲ ನಕ್ಕರು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಅಪ್ಪ ಹೇಳಿದ ಬಿಎ ಎಂಬ ಸುಳ್ಳನ್ನು ಹೊತ್ತು ಈ ಮನೆಗೆ ಬಂದಿದ್ದ ಸೌಂದರ್ಯ, ತನಗೆ ಒಂದು ಸಾಲೂ ಓದಲು ಬಾರದ ಆ ಪುಸ್ತಕದ ಪುಟ ತಿರುವಿ, ಕುದುರೆಯನ್ನು ಹೊಳೆಗೆ ಇಳಿಸಿದಳು.