ಹಿಂದೆ ಸರಿದ ಲಾರಿ

ಕಾದ ಬ್ರೇಕಿನ ವಾಸನೆ ಬಂದರೆ ಈಗಲೂ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ.

ನನಗಾಗ ಹತ್ತು ವರ್ಷ. ವಸತಿ ಶಾಲೆಯ ಪ್ರವೇಶ ಪರೀಕ್ಷೆ ದಾವಣಗೆರೆಯಲ್ಲಿ ಎರಡು ಗಂಟೆಗಿತ್ತು. ಭಾನುವಳ್ಳಿಯಲ್ಲಿ ಬಸ್ಸು ತಪ್ಪಿದ್ದರಿಂದ ಅಪ್ಪ ನನ್ನನ್ನು ತನ್ನ ಭತ್ತದ ಲಾರಿಯಲ್ಲೇ ಕೂರಿಸಿಕೊಂಡ. ಹರಿಹರ ದಾಟಿದ ಮೇಲೆ ಸಿಮೆಂಟಿನ ಲಾರಿಯೊಂದನ್ನು ಹಿಂದೆ ಹಾಕಲು ಬಲಕ್ಕೆ ಹೊರಳಿದ. ಎರಡೂ ಲಾರಿಗಳು ಒಂದೇ ವೇಗದಲ್ಲಿ ಅಕ್ಕಪಕ್ಕ ಸಿಕ್ಕಿಕೊಂಡವು. ನನ್ನ ಕಿಟಕಿಯ ತುಂಬ ಅದರ ಧೂಳು ಮೆತ್ತಿದ ತಾಡಪಾಲು.

“ಜೋರಾಗಿ ಹೋಗಪ್ಪ!” ಎಂದು ಅಳತೊಡಗಿದೆ.

“ಪೂರ್ತಿ ಒತ್ತೀನವ್ವ. ವೇಗ ತಡೆಯೋ ಗವರ್ನರ್ ಹಾಕ್ಯಾರೆ, ಎಂಬತ್ತರ ಮ್ಯಾಲೆ ಗಾಡಿ ಏಳಂಗಿಲ್ಲ. ಅವನು ಒಂಚೂರು ಕಾಲು ತೆಗೆದ್ರೆ ಸಾಕು.”

ಸಿಮೆಂಟಿನವನು ತೆಗೆಯಲಿಲ್ಲ. ಅಷ್ಟರಲ್ಲಿ ಹಿಂದೆ ಆಂಬುಲೆನ್ಸ್ ಕೂಗತೊಡಗಿತು. ಅಪ್ಪ ಕನ್ನಡಿ ನೋಡಿದ, ಆಮೇಲೆ ನನ್ನನ್ನು ನೋಡಿದ.

“ಬ್ಯಾಡಪ್ಪ,” ಎಂದೆ.

“ಅವನು ತೆಗೀಲಿಲ್ಲ ಅಂದ್ರೆ ನಾವು ತೆಗೀಬೇಕವ್ವ,” ಎಂದು ಬ್ರೇಕ್ ಒತ್ತಿ ಸಿಮೆಂಟಿನ ಲಾರಿಯ ಹಿಂದಕ್ಕೆ ಸರಿದ. ಆಂಬುಲೆನ್ಸ್ ಹಾದುಹೋಯಿತು. ಅದರ ಗಾಜಿನಾಚೆ ಒಬ್ಬ ಹೆಂಗಸು ಸಲೈನ್ ಬಾಟಲಿ ಎತ್ತಿ ಹಿಡಿದಿದ್ದಳು. ಉಳಿದ ದಾರಿಯೆಲ್ಲ ನಾವು ಆ ಸಿಮೆಂಟಿನ ಬೆನ್ನಿಗೇ ಹೋದೆವು.

ತಲುಪುವಷ್ಟರಲ್ಲಿ ಶಾಲೆಯ ಗೇಟು ಮುಚ್ಚಿತ್ತು. ಅಪ್ಪ ಹೆಗಲ ಟವೆಲ್ ಕೈಗೆ ತೆಗೆದುಕೊಂಡು ಕಾವಲಿನವನನ್ನು ಬೇಡಿದ. “ನಂದೇ ತಪ್ಪು ಸಾರ್, ನಾನೇ ತಡ ಮಾಡ್ದೆ. ಹುಡುಗೀನ ಒಳಗ ಬಿಡ್ರಿ.”

ಆಂಬುಲೆನ್ಸಿನ ಮಾತನ್ನು ಅಪ್ಪ ಎತ್ತಲೇ ಇಲ್ಲ. ಹೇಳಲು ನನಗೂ ಬಾಯಿತ್ತು. ಸಿಟ್ಟಿನಲ್ಲಿ ಸುಮ್ಮನೆ ನಿಂತೆ. ಗೇಟು ತೆರೆಯಲಿಲ್ಲ.