ಬೆಲ್ಟಿನ ಮೇಲೆ ಜಾದೂ ಪೆಟ್ಟಿಗೆ

"ಈ ಪೆಟ್ಟಿಗೆ ಯಾರದು?" ಎಂದು ಕೇಳಿ, ವಿಮಾನ ನಿಲ್ದಾಣದ ತಪಾಸಣೆ ಯಂತ್ರದ ಮುಂದೆ ಕುಳಿತಿದ್ದ ಅವಳು ಬೆಲ್ಟ್ ನಿಲ್ಲಿಸಿದಳು.

ಊಟದ ಡಬ್ಬಿಯಷ್ಟಿದ್ದ ಮರದ ಪೆಟ್ಟಿಗೆ. ತಪಾಸಣೆಯ ಪರದೆಯ ಮೇಲೆ ಮರ ಎಂದಿನಂತೆ ಕಿತ್ತಳೆ ಬಣ್ಣದಲ್ಲೇ ಮೂಡಿತ್ತು. ಆದರೆ ಅದರ ಒಂದು ಪಕ್ಕದೊಳಗೆ, ಹೆಬ್ಬೆರಳಿನ ಉಗುರಿನಷ್ಟು ಜಾಗ ಮಾತ್ರ ಕಡುಕಪ್ಪು. ಕ್ಷ-ಕಿರಣ ದಾಟದ ವಸ್ತುವನ್ನು ಕಣ್ಣಾರೆ ನೋಡದೆ ವಿಮಾನಕ್ಕೆ ಬಿಡುವಂತಿಲ್ಲ.

"ನಂದು ತಾಯಿ" ಎನ್ನುತ್ತ ಮುಂದೆ ಬಂದವರಿಗೆ ಅರವತ್ತರ ಹತ್ತಿರದ ವಯಸ್ಸು. "ನಾನು ಜಾದೂಗಾರ. ಅದು ಖಾಲಿ ಪೆಟ್ಟಿಗೆ."

"ಪಕ್ಕದ ಹಲಗೆ ಒಳಗೆ ಏನೋ ಇದೆ ಸರ್. ಬಿಚ್ಚಿ ತೋರಿಸ್ಬೇಕು."

ಅವರ ಮುಖ ಸಪ್ಪಗಾಯಿತು. ಬೆನ್ನ ಹಿಂದೆಯೇ ನಿಂತಿದ್ದವನೊಬ್ಬ ಆಗಲೇ ತುದಿಗಾಲಲ್ಲಿ ನಿಂತು ಕತ್ತು ಉದ್ದ ಮಾಡಿದ್ದ. "ತೋರ್ಸಿ ಭಾವ, ತೋರ್ಸಿ! ಅವರ ಕೆಲಸಕ್ಕೆ ಅಡ್ಡಿ ಮಾಡಬಾರ್ದು. ಬೇಕಿದ್ರೆ ನಾನೂ ಕೈ ಹಾಕ್ತೀನಿ."

ಜಾದೂಗಾರರು ಅವಳತ್ತ ಬಾಗಿ ಪಿಸುಗುಟ್ಟಿದರು. "ಅವನು ನನ್ನ ಹೆಂಡತಿ ತಮ್ಮ. ಅವನೂ ಜಾದೂಗಾರನೇ. ಹನ್ನೊಂದು ವರ್ಷದಿಂದ ಈ ಪೆಟ್ಟಿಗೆ ಗುಟ್ಟಿಗೋಸ್ಕರ ನನ್ನ ಬೆನ್ನು ಬಿದ್ದಿದ್ದಾನೆ. ಸಂಜೆ ಒಂದೇ ವೇದಿಕೆ ಮೇಲೆ ಇಬ್ಬರ ಪ್ರದರ್ಶನವೂ ಇದೆ. ನನ್ನದು ಅಂತ ಇರೋದು ಇದೊಂದೇ ಆಟ, ತಾಯಿ. ಉಳಿದದ್ದನ್ನ ಯಾರು ಬೇಕಾದ್ರೂ ಮಾಡ್ತಾರೆ. ಇಲ್ಲಿ ಬಿಚ್ಚಿದ್ರೆ ನನ್ನ ಕಥೆ ಮುಗೀತು."

ಆರು ವರ್ಷಗಳಿಂದ ಅವಳು ಮಂದಿಯ ಚೀಲಗಳೊಳಗೆ ಇಣುಕುತ್ತಿದ್ದಾಳೆ. ಹಲ್ಲಿನ ಸೆಟ್ಟು, ಸೊಂಟದ ಪಟ್ಟಿ, ಮೊಮ್ಮಗನ ಹೆಸರಿನಲ್ಲಿ ಅಜ್ಜ ತನಗಾಗಿಯೇ ಕೊಂಡ ಆಟದ ರೈಲು, ಎಲ್ಲವನ್ನೂ ನೋಡಿ ಹೊಟ್ಟೆಯಲ್ಲಿ ಹಾಕಿಕೊಂಡಿದ್ದಾಳೆ. ಪ್ರಯಾಣಿಕರು ಬಯಸಿದರೆ ತಪಾಸಣೆ ಮರೆಯಲ್ಲಿ ನಡೆಯಬೇಕೆಂಬುದು ನಿಯಮ. ಅದನ್ನು ಬರೆದವರಿಗೆ ಜಾದೂಗಾರರ ನೆನಪು ಬಂದಿರಲಾರದು. ಆದರೂ ಗುಟ್ಟು ಗುಟ್ಟೇ ಅಲ್ಲವೇ? ಪೆಟ್ಟಿಗೆಯ ಮೇಲೆ ಟ್ರೇಯೊಂದನ್ನು ಬೋರಲು ಹಾಕಿ, "ಒಳಗೆ ಬನ್ನಿ ಸರ್" ಎಂದಳು.

"ನಾನೂ ಬರ್ತೀನಿ, ಮನೆಯವನೇ!" ಎಂದ ಭಾವಮೈದ.

"ಮನೆಯವರಿಗೆ ಪ್ರವೇಶ ಇಲ್ಲ."

ಪಕ್ಕದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಜಾದೂಗಾರರು ಬಾಗಿಲ ಚಿಲಕವನ್ನು ಎರಡು ಸಲ ನೋಡಿ ಬಂದರು. ಆಮೇಲೆ ಪೆಟ್ಟಿಗೆಯ ಪಕ್ಕದಿಂದ ಕಾಗದದಷ್ಟು ತೆಳುವಾದ ಹಲಗೆಯೊಂದನ್ನು ಸರಿಸಿ ತೆಗೆದರು. ಅದರ ಅಂಚಿನಲ್ಲಿ ಪುಟ್ಟದೊಂದು ಅಯಸ್ಕಾಂತ. ಅವಳು ಅದನ್ನು ತಿರುಗಿಸಿ ನೋಡಿದಳು, ಸ್ಫೋಟಕದ ಕುರುಹು ಹಿಡಿಯುವ ಪಟ್ಟಿಯಿಂದ ಒರೆಸಿ, ಆ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟಳು. ಹಸಿರು ದೀಪ ಹತ್ತಿತು.

"ಇಷ್ಟೇನಾ?" ಎಂದಳು.

"ಇಷ್ಟೇ" ಎಂದರು ಅವರು ನಾಚಿಕೊಂಡು. ಹಲಗೆ ಜೋಡಿಸಿ, ಜೇಬಿನಿಂದ ಕೆಂಪು ಚೆಂಡೊಂದನ್ನು ತೆಗೆದು ಒಳಗಿಟ್ಟರು. ಮುಚ್ಚಳದ ಮೇಲೆ ಉಕ್ಕಿನ ಉಂಗುರದ ಬೆರಳನ್ನು ಮೆಲ್ಲಗೆ ಎಳೆದರು. ಒಳಗೆ ಸದ್ದೂ ಆಗಲಿಲ್ಲ. "ಈಗ ಕೈ ಹಾಕಿ."

ಕೈ ಹಾಕಿದಳು. ಚೆಂಡಿಲ್ಲ. ಉಂಗುರದ ಹಿಂದೆ ಹಲಗೆ ಎಲ್ಲಿಗೆ ಸರಿದಿದೆ, ಚೆಂಡು ಅದರ ಮರೆಗೆ ಹೇಗೆ ಹೋಗಿದೆ, ಎಲ್ಲ ಗೊತ್ತಿದ್ದೂ ಅವಳ ಬಾಯಿ ತೆರೆದೇ ಇತ್ತು.

"ಇನ್ನೊಂದ್ಸಲ ಮಾಡಿ ಸರ್."

"ಇದೂ ತಪಾಸಣೇನಾ?"

"ಅಲ್ಲ. ಆದ್ರೂ ಮಾಡಿ."

ಹೊರಗೆ ಬಂದಾಗ ಸಾಲು ಗೊಣಗುತ್ತಿತ್ತು. ಜಾದೂಗಾರರು ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು, ಹತ್ತು ವರ್ಷ ಚಿಕ್ಕವರಾದಂತೆ ಬಿರಬಿರನೆ ನಡೆದುಬಿಟ್ಟರು. ಭಾವಮೈದ ಅವಳನ್ನು ಮಾತಿಗೆ ಹಿಡಿದ.

"ಮೇಡಂ, ನೋಡಿದ್ರಾ? ಏನಿತ್ತು?"

"ವಿಮಾನಕ್ಕೆ ಅಪಾಯ ಆಗೋಂಥದ್ದು ಏನೂ ಇರಲಿಲ್ಲ."

"ಅಂದ್ರೆ ಬೇರೆ ಏನೋ ಇತ್ತು!"

"ನಿಮ್ಮ ಚೀಲ ಬೆಲ್ಟ್ ಮೇಲೆ ಇಡಿ ಸರ್."

ಅವನ ಚೀಲ ಯಂತ್ರದೊಳಗೆ ಹೊಕ್ಕಿತು. ಪರದೆಯ ಮೇಲೆ ಅದೇ ಅಳತೆಯ ಮೂರು ಪೆಟ್ಟಿಗೆಗಳು ಸಾಲಾಗಿ ಮೂಡಿದವು. ಒಂದರ ತಳದಲ್ಲಿ ಸ್ಪ್ರಿಂಗು, ಇನ್ನೊಂದರ ಮುಚ್ಚಳದಲ್ಲಿ ಸ್ಪ್ರಿಂಗು, ಮೂರನೆಯದರಲ್ಲಿ ನಾಲ್ಕೂ ಪಕ್ಕಕ್ಕೆ ಸ್ಪ್ರಿಂಗು, ಜೊತೆಗೆ ಎರಡು ಹಲ್ಲುಚಕ್ರ. ಹನ್ನೊಂದು ವರ್ಷಗಳ ದುಡಿಮೆ ನೀಲಿ ಗೆರೆಗಳಲ್ಲಿ ಅವಳ ಮುಂದೆ ಬಿಚ್ಚಿಕೊಂಡಿತ್ತು. ಅಪಾಯಕರವಾದದ್ದು ಏನೂ ಇರಲಿಲ್ಲ. ಅಯಸ್ಕಾಂತದ ಕಪ್ಪು ಚುಕ್ಕೆಯೂ ಇರಲಿಲ್ಲ.

ಲೋಹ ಪತ್ತೆಯ ಚೌಕಟ್ಟು ದಾಟಿ ಬಂದವನು ಅವಳ ಮೇಜಿನ ಬಳಿ ತಗ್ಗಿದ ದನಿಯಲ್ಲಿ ಕೇಳಿಕೊಂಡ. "ಮೇಡಂ, ನನ್ನ ಚೀಲದೊಳಗಿರೋದು ಭಾವನಿಗೆ ಮಾತ್ರ ಗೊತ್ತಾಗ್ಬಾರ್ದು. ಮರ್ಯಾದೆ ಹೋಗುತ್ತೆ."

"ಯಾರಿಗೂ ಗೊತ್ತಾಗಲ್ಲ ಸರ್. ಹೊರಡಿ."

ಅವನು ಹೊರಡಲಿಲ್ಲ. "ಮೂರನೇದು ಸರಿ ಇದೆ ಅಲ್ವಾ? ಭಾವಂದು, ನಂದು ಎರಡನ್ನೂ ನೋಡಿರೋರು ಈ ಲೋಕದಲ್ಲಿ ನೀವೊಬ್ರೇ. ಬಾಯಿ ಬಿಟ್ಟು ಹೇಳೋದೇ ಬೇಡ. ಸುಮ್ನೆ ತಲೆ ಆಡಿಸಿ, ಸಾಕು."

ಅವಳು ತಲೆ ಅತ್ತಲೂ ಇತ್ತಲೂ ಅಲ್ಲಾಡದಂತೆ ಎರಡೂ ಕೈಗಳಿಂದ ಗಲ್ಲವನ್ನು ಬಿಗಿಯಾಗಿ ಹಿಡಿದುಕೊಂಡು, ಉಕ್ಕಿ ಬರುತ್ತಿದ್ದ ನಗುವನ್ನು ಕೆನ್ನೆಯೊಳಗೇ ತಡೆದು, ಪರದೆಯನ್ನೇ ನೋಡುತ್ತ ಕುಳಿತಳು.